ಮೂಗಿನ ಕೊಂಬು ಹೆಬ್ಬೆರಳಾದ ಕಥೆ

ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದ ಕೆರೆದಂಡೆಯಲ್ಲಿ ಎರಡು ಇಗ್ವಾನೊಡಾನ್‌ಗಳಿವೆ. ಖಡ್ಗಮೃಗದಂಥ ದಪ್ಪ ಮೈ, ಮೂಗಿನ ಮೇಲೆ ಮೊನಚಾದ ಕೊಂಬು. 1854ರಲ್ಲಿ ಜನರು ನೋಡಿದ ಈ ಪ್ರತಿಮೆಗಳನ್ನು ಮಾಡಿದವನು ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್. ರಿಚರ್ಡ್ ಓವೆನ್ ‘ಡೈನೊಸಾರ್’ ಎಂಬ ಹೆಸರಿಟ್ಟು ಆಗಿನ್ನೂ ಹನ್ನೆರಡು ವರ್ಷವಾಗಿತ್ತು.

ಹಾಕಿನ್ಸ್ ಬರೀ ಶಿಲ್ಪಿಯಲ್ಲ, ಒಂದರ್ಥದಲ್ಲಿ ಮೇಷ್ಟ್ರೂ ಹೌದು. ಭೂವಿಜ್ಞಾನವನ್ನು ಕಣ್ಣಿನ ಮೂಲಕ ಕಲಿಸಬೇಕೆಂದು ಆತ ಅದೇ ವರ್ಷ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟ. ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರಗಳನ್ನು ಬರೆದ. ಅವನ ಪ್ರಾಣಿಗಳ ಪುಟ್ಟ ಮಾದರಿಗಳೂ ಮಾರಾಟಕ್ಕೆ ಬಂದವು. ಗೋಡೆಯ ಮೇಲೆ ಚಿತ್ರ, ಕೈಯಲ್ಲಿ ಗೊಂಬೆ: ಚಿತ್ರಪುಸ್ತಕ ಓದಿಸಿ ಆಮೇಲೆ ಪಳೆಯುಳಿಕೆಯ ಆಟ ಆಡಿಸುವ ಇಂದಿನ ಪಾಠಕ್ರಮದ ಬೇರು ಇಲ್ಲಿದೆ ಎನ್ನಬಹುದು. ಹಾಕಿನ್ಸ್‌ನ ಬದುಕೇ 2001ರಲ್ಲಿ ಮಕ್ಕಳ ಚಿತ್ರಪುಸ್ತಕವಾಯಿತು. ಕಥೆ ಬಾರ್ಬರಾ ಕರ್ಲಿ ಅವರದು, ಚಿತ್ರಗಳು ಬ್ರಯನ್ ಸೆಲ್ಜ್‌ನಿಕ್ ಅವರವು. ಇಗ್ವಾನೊಡಾನ್ ಅಚ್ಚಿನೊಳಗೆ ಮೇಜು ಹಾಕಿ ವಿದ್ವಾಂಸರಿಗೆ ಊಟ ಬಡಿಸಿದ 1853ರ ಡಿಸೆಂಬರ್ 31ರ ರಾತ್ರಿ ಯಾವ ಮಗುವಿಗೆ ರುಚಿಸದು!

ಆದರೆ ಆ ಕೊಂಬು ತಪ್ಪು. ಇಗ್ವಾನೊಡಾನ್‌ಗೆ 1825ರಲ್ಲಿ ಹೆಸರಿಟ್ಟ ವೈದ್ಯ ಗಿಡಿಯನ್ ಮ್ಯಾಂಟೆಲ್ ಬಳಿ ಮೊದಲು ಇದ್ದದ್ದು ಕೆಲವು ಹಲ್ಲುಗಳು, ಆಮೇಲೆ ಸೇರಿದ್ದು ಚೆದುರಿದ ಮೂಳೆಗಳು. ಅವುಗಳಲ್ಲೊಂದು ಮೊನಚಾಗಿತ್ತು, ಅದನ್ನು ಮೂಗಿನ ಮೇಲೆ ಕೂರಿಸಿದ. 1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ ಹಲವು ಅಸ್ಥಿಪಂಜರಗಳು ಜೋಡಣೆ ಕೆಡದೆ ಸಿಕ್ಕವು. ಕೊಂಬು ಇದ್ದದ್ದು ಮುಂಗೈಯಲ್ಲಿ, ಒಂದಲ್ಲ ಎರಡು. ಅದು ಹೆಬ್ಬೆರಳು!

ಮಕ್ಕಳಿಗೆ ಮೂಳೆ ಮುಟ್ಟಿಸಬೇಕಾದದ್ದು ಇದಕ್ಕಾಗಿಯೇ. ಚಿತ್ರ ಇಡೀ ಪ್ರಾಣಿಯನ್ನು ತೋರಿಸುತ್ತದೆ, ಅದರಲ್ಲಿ ಎಷ್ಟು ಕಂಡದ್ದು, ಎಷ್ಟು ಊಹಿಸಿದ್ದು ಎಂದು ಹೇಳುವುದಿಲ್ಲ. ಮರಳಿನ ತಟ್ಟೆಯಲ್ಲಿ ಹುದುಗಿಸಿದ ಪ್ಲಾಸ್ಟರ್ ಮೂಳೆಗಳನ್ನು ಕುಂಚದಿಂದ ಬಿಡಿಸುವ ಆಟ ಈಗ ಎಲ್ಲೆಡೆ ಇದೆ. ಆದರೆ ಒಂದೂ ಕಳೆಯದಂತೆ ಎಲ್ಲ ಮೂಳೆಗಳನ್ನೂ ಕೊಟ್ಟರೆ ಅದು ಬರೀ ಜೋಡಣೆಯ ಆಟವಾಗುತ್ತದೆ. ಬೇಯಿಸಿ ತೊಳೆದ ಕೋಳಿಮೂಳೆಗಳಲ್ಲಿ ಅರ್ಧ ಮಾತ್ರ ಹೂತಿಟ್ಟು, ಪ್ರಾಣಿಯ ಚಿತ್ರ ಬರೆಯಲು ಹೇಳಿ, ಉಳಿದರ್ಧವನ್ನು ಮರುದಿನ ಕೊಟ್ಟು ನೋಡಬೇಕು. ಹಕ್ಕಿಗಳು ಡೈನೊಸಾರ್ ವಂಶದವೇ ಆದ್ದರಿಂದ ಕೋಳಿ ಇಲ್ಲಿ ಅಪರಿಚಿತವೇನಲ್ಲ. ಮನೆಯಲ್ಲಿ ಮಾಂಸ ಬಳಸದವರು ಜೇಡಿಮಣ್ಣಿಗೆ ಎಲೆ, ಚಿಪ್ಪು ಒತ್ತಿ ಅಚ್ಚು ತೆಗೆದರೂ ಸರಿ.

ನಮ್ಮಲ್ಲೂ ಇದಕ್ಕೊಪ್ಪುವ ಪ್ರಾಣಿಯಿದೆ. ಗೋದಾವರಿ ಕಣಿವೆಯಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಅಗೆದು ತೆಗೆದ ಬರಾಪಾಸಾರಸ್ ಅದು. ಹೆಸರಿನ ಅರ್ಥ ‘ದೊಡ್ಡ ಕಾಲಿನ ಹಲ್ಲಿ’. 1961 ರವೀಂದ್ರನಾಥ ಟಾಗೋರರ ಜನ್ಮಶತಮಾನೋತ್ಸವ ವರ್ಷವಾಗಿದ್ದರಿಂದ, 1975ರಲ್ಲಿ ನಾಮಕರಣವಾದಾಗ ಅವರ ಹೆಸರೂ ಸೇರಿತು. ಹಲವು ಪ್ರಾಣಿಗಳ ನೂರಾರು ಮೂಳೆಗಳು ಸಿಕ್ಕವು, ಕೆಲವು ಹಲ್ಲುಗಳೂ ಸಿಕ್ಕವು. ತಲೆಬುರುಡೆ ಮಾತ್ರ ಸಿಗಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಎಂಥ ತಲೆ ಬರೆದಿದ್ದರೂ ಅದು ಚಿತ್ರಗಾರನ ಊಹೆ. ಹಲ್ಲಿನ ಗುರುತು ಹಿಡಿದು ಮಗುವೂ ಒಂದು ತಲೆ ಬರೆಯಬಹುದು.