ಮರೆವಿನ ರೋಗಕ್ಕೆ ಮಿಣುಕುವ ದೀಪ

1906ರಲ್ಲಿ ಜರ್ಮನಿಯ ವೈದ್ಯ ಆಲ್‌ಝೈಮರ್, ಮರೆವಿನಿಂದ ನರಳಿ ಸತ್ತ ಹೆಂಗಸೊಬ್ಬಳ ಮೆದುಳಿನಲ್ಲಿ ಕಂಡ ವಿಚಿತ್ರ ಕಸವನ್ನು ವಿವರಿಸಿದ. ಅದರಲ್ಲೊಂದು ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನು ಅಂತ ಆಮೇಲೆ ತಿಳಿಯಿತು. ಈ ಕಸ ಗುಡಿಸುವುದು ಮೈಕ್ರೋಗ್ಲಿಯಾ ಕೋಶಗಳ ಕೆಲಸ. ಅವೇ ಕೆರಳಿ ನಿಂತರೆ ಮೆದುಳಿಗೆ ಉರಿಯೂತ!

ಸರಿ, 2016ಕ್ಕೆ ಬನ್ನಿ. ಅಮೆರಿಕದ ಎಂಐಟಿಯಲ್ಲಿ ಲೀ-ಹ್ವೇ ತ್ಸಾಯ್ ತಂಡ, ರೋಗವಿದ್ದ ಇಲಿಗಳಿಗೆ ಸೆಕೆಂಡಿಗೆ 40 ಸಲ ಮಿಣುಕುವ ದೀಪ ತೋರಿಸಿತು. ಒಂದೇ ಗಂಟೆ! ನೋಟಕ್ಕೆ ಸಂಬಂಧಿಸಿದ ಭಾಗದಲ್ಲಿ ಅಮೈಲಾಯ್ಡ್ ಇಳಿಯಿತು, ಮೈಕ್ರೋಗ್ಲಿಯಾ ಗುಡಿಸಲು ಹೊರಟವು ಎಂದು ವರದಿಯಾಯಿತು. ಮಾತ್ರೆಯಿಲ್ಲ, ಕತ್ತರಿಯಿಲ್ಲ, ಬರೀ ದೀಪ...

ಆದರೆ 2023ರಲ್ಲಿ ನ್ಯೂಯಾರ್ಕಿನ ಬುಝಾಕಿ ತಂಡ ಇಲಿಗಳ ಮೇಲೆ ಇದನ್ನೇ ಪರೀಕ್ಷಿಸಿದಾಗ ಕಸ ಇಳಿಯಲಿಲ್ಲ. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೂ ಕಾಣಬೇಕಲ್ಲವೇ? ಅಜ್ಜನಿಗೆಂದು ಇಂಥ ದೀಪ ಕೊಳ್ಳುವ ಮುಂಚೆ ಈ ಎರಡೂ ಇಸವಿಗಳು ನೆನಪಿರಲಿ.