ರೋಗಿ ಹುಮನಾಬಾದಿನಲ್ಲಿ, ಆಸ್ಪತ್ರೆ ಹೈದರಾಬಾದಿನಲ್ಲಿ

ಹುಮನಾಬಾದಿನ ಹೆದ್ದಾರಿಯಲ್ಲಿ ನಿಂತರೆ ಒಂದು ಕಡೆ ಹೈದರಾಬಾದ್, ಇನ್ನೊಂದು ಕಡೆ ಸೊಲ್ಲಾಪುರ. ದೊಡ್ಡ ಕಾಯಿಲೆ ಬಂದರೆ ಇವೆರಡರಲ್ಲಿ ಒಂದರ ಬಸ್ಸು ಹಿಡಿಯುವುದು ಇಲ್ಲಿನ ಹಳೆಯ ರೂಢಿ. ಬಸವಕಲ್ಯಾಣದವರೂ ಅಷ್ಟೆ. ಎರಡೂ ಪರರಾಜ್ಯದ ಊರುಗಳು; ನಮ್ಮದೇ ರಾಜಧಾನಿ ಬೆಂಗಳೂರು 600 ಕಿ.ಮೀ.ಗೂ ಆಚೆ.

ಯುರೋಪಿನಲ್ಲಿ ಯಾವ ದೇಶದ ಆರೋಗ್ಯ ವ್ಯವಸ್ಥೆ ಮೇಲು ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಅಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಜರ್ಮನಿಯ ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಕಡ್ಡಾಯ ವಿಮೆ ತಂದ. ಮಾಲೀಕನೂ ಕಾರ್ಮಿಕನೂ ವಂತಿಗೆ ಕಟ್ಟಬೇಕು. ಆಸ್ಪತ್ರೆ ಯಾರದಾದರೂ ಸರಿ. ಬ್ರಿಟನ್ 1948ರ ಜುಲೈ 5ರಿಂದ ತೆರಿಗೆ ಹಣದಲ್ಲಿ ಸರ್ಕಾರವೇ ಆಸ್ಪತ್ರೆ ನಡೆಸತೊಡಗಿತು. ಜರ್ಮನಿಯಲ್ಲಿ ಖರ್ಚು ಜಾಸ್ತಿ, ಬ್ರಿಟನ್ನಿನಲ್ಲಿ ಸರದಿ ಉದ್ದ. ಹೀಗಾಗಿ ಅಳೆಯುವವನ ಕೋಲು ಯಾವುದೋ ಉತ್ತರವೂ ಅದೇ.

ಆ ಜುಲೈನಲ್ಲಿ ಬೀದರ್ ಜಿಲ್ಲೆ ಇನ್ನೂ ನಿಜಾಮನ ಕೈಯಲ್ಲಿತ್ತು. ಹೈದರಾಬಾದಿನ ವೈದ್ಯವಿದ್ಯೆ ಸಾಮಾನ್ಯದ್ದೇನಲ್ಲ. 1888 ಮತ್ತು 1889ರಲ್ಲಿ ಅಲ್ಲಿ ಕೂತ ಕ್ಲೋರೋಫಾರಂ ಆಯೋಗಗಳು ಲಂಡನ್ನಿನಲ್ಲೂ ವಾದ ಎಬ್ಬಿಸಿದ್ದವು. 1897ರಲ್ಲಿ ಪಕ್ಕದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡ. 1908ರ ಮೂಸಿ ಪ್ರವಾಹ ಹಳೆಯ ಆಸ್ಪತ್ರೆಯನ್ನು ನುಂಗಿದ ಮೇಲೆ ಉಸ್ಮಾನಿಯಾ ಆಸ್ಪತ್ರೆಯ ಭವ್ಯ ಕಟ್ಟಡ ಎದ್ದಿತು. ಆದರೆ ಈ ವೈಭವವೆಲ್ಲ ರಾಜಧಾನಿಗೆ ಮೀಸಲು. ಕಲ್ಯಾಣದ ರೈತ ಅದನ್ನು ಕಾಣಬೇಕಾದರೆ ಮೊದಲು ಅಲ್ಲಿಗೆ ತಲುಪಬೇಕಿತ್ತು.

1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಬಂತು. 1930ರಷ್ಟು ಹಿಂದೆಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿದ್ದ ಸೀಮೆ ಮೈಸೂರು! ಗಡಿಯೇನೋ ಸರಿಯಿತು, ಆಸ್ಪತ್ರೆ ಸರಿಯಲಿಲ್ಲ. ಕಲಬುರಗಿಗೆ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ 21 ಗುಲ್ಬರ್ಗ ವಿಭಾಗದಲ್ಲೇ ಇದ್ದವು.

2010ರಲ್ಲಿ ಮಾತ್ರ ಒಂದು ಅಪರೂಪ ನಡೆಯಿತು. ಬಡತನ ರೇಖೆಗಿಂತ ಕೆಳಗಿನವರಿಗೆ ದೊಡ್ಡ ಚಿಕಿತ್ಸೆ ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬೆಂಗಳೂರಿನಲ್ಲಲ್ಲ, ಗುಲ್ಬರ್ಗ ವಿಭಾಗದಲ್ಲಿ ಮೊದಲು ಜಾರಿಗೆ ಬಂತು. ಹಣ ಬ್ರಿಟನ್ನಿನಂತೆ ತೆರಿಗೆಯದು, ಆಸ್ಪತ್ರೆ ಜರ್ಮನಿಯಂತೆ ಸರ್ಕಾರದ್ದೋ ಖಾಸಗಿಯದೋ, ಯಾವುದಾದರೂ. ದಕ್ಷಿಣದ ಜಿಲ್ಲೆಗಳು 2012ರವರೆಗೆ ಕಾಯಬೇಕಾಯಿತು. ಯೋಜನೆಯ ಗಡಿಗೆರೆಯ ಎರಡೂ ಬದಿಯ ಹಳ್ಳಿಗಳನ್ನು ಸಂಶೋಧಕರು ಹೋಲಿಸಿದರು. ಅವು ಬೀದರಿನ ಹಳ್ಳಿಗಳಲ್ಲ, ಯೋಜನಾ ಪ್ರದೇಶದ ದಕ್ಷಿಣದಂಚಿನವು. ಯೋಜನೆ ಇದ್ದ 300 ಹಳ್ಳಿಗಳ ಬಡ ಕುಟುಂಬಗಳಲ್ಲಿ, ಅದು ಭರಿಸುವಂಥ ಕಾಯಿಲೆಗಳಿಂದ ಆದ ಸಾವು ಆಚೆಯ 272 ಹಳ್ಳಿಗಳಿಗಿಂತ ಶೇ. 64ರಷ್ಟು ಕಡಿಮೆ ಎಂದು 2014ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತು. ಆ ಕಾಯಿಲೆಗಳಲ್ಲಿ ಹೆಚ್ಚಿನವು ಹೃದ್ರೋಗ ಮತ್ತು ಕ್ಯಾನ್ಸರ್. ಗೆರೆಯ ಉತ್ತರಕ್ಕಿದ್ದುದೇ ಲಾಭವಾದದ್ದು ಅದೊಂದು ಸಲ.