ಗ್ರೇಸ್ ಅನಾಟಮಿ

ಅಮೆರಿಕದ ಟಿವಿ ಧಾರಾವಾಹಿ. ಸರ್ಜನ್ ಆಗಲೆಂದು ಸಿಯಾಟಲ್ ನಗರದ ಕಲ್ಪಿತ ಬೋಧನಾ ಆಸ್ಪತ್ರೆಯೊಂದಕ್ಕೆ ಬಂದ ಎಳೆಯ ವೈದ್ಯರ ಕಥೆಯಾಗಿ 2005ರ ಮಾರ್ಚ್ 27ರಂದು ಎಬಿಸಿ ವಾಹಿನಿಯಲ್ಲಿ ಆರಂಭವಾಯಿತು; 2025ರ ಅಕ್ಟೋಬರಿನಲ್ಲಿ 22ನೇ ಸೀಸನ್ ಶುರುವಾಯಿತು. ಕರ್ತೃ ಶೋಂಡಾ ರೈಮ್ಸ್. ಕಥೆ ಸಿಯಾಟಲಿನದಾದರೂ ಬಹುಪಾಲು ಚಿತ್ರೀಕರಣ ನಡೆಯುವುದು ಲಾಸ್ ಏಂಜಲೀಸಿನ ಸ್ಟುಡಿಯೋದಲ್ಲಿ.

ಹೆಸರಿನ ಹಿಂದೆ ಒಂದು ಪಠ್ಯಪುಸ್ತಕವಿದೆ. ಹೆನ್ರಿ ಗ್ರೇ ಬರೆದು 1858ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅಂಗರಚನಾಶಾಸ್ತ್ರದ ಆ ಗ್ರಂಥವನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಇದೇ ಹೆಸರಿನಿಂದ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದಕ್ಷರದ ವ್ಯತ್ಯಾಸ. ಕನ್ನಡದಲ್ಲಿ ಬರೆದರೆ ಅದೂ ಉಳಿಯುವುದಿಲ್ಲ. ಧಾರಾವಾಹಿಯ ‘ಗ್ರೇ’ ಎಂದರೆ ನಾಯಕಿ ಮೆರೆಡಿತ್ ಗ್ರೇ. ಗ್ರಂಥದ ಚಿತ್ರಗಳನ್ನು ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅದೇ 1858ರಲ್ಲಿ ಭಾರತಕ್ಕೆ ಬಂದು ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದರು, ಕುಷ್ಠರೋಗದ ಅಧ್ಯಯನದಲ್ಲಿ ವರ್ಷಗಳನ್ನು ಕಳೆದರು ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸಾಗದು.

ಟಿವಿಯಲ್ಲಿ ನೋಡಿದ ಆಪರೇಷನ್ನುಗಳ ಬಗ್ಗೆ ರೈಮ್ಸ್ ಮತ್ತು ಅವರ ಸಹೋದರಿಯರು ಫೋನಿನಲ್ಲಿ ಮಾತನಾಡಿಕೊಳ್ಳುತ್ತಿದ್ದರಂತೆ. ಕಥೆಯ ಬೀಜ ಅಲ್ಲಿಯದು. ಪಾತ್ರಗಳನ್ನು ಬರೆಯುವಾಗ ರೈಮ್ಸ್ ಜನಾಂಗವನ್ನು ನಮೂದಿಸದೆ ಬಿಟ್ಟದ್ದು ಈ ಧಾರಾವಾಹಿಯ ಇತಿಹಾಸದ ಬಹು ದೊಡ್ಡ ತೀರ್ಮಾನ. ಇಂಟರ್ನ್‌ಗಳನ್ನು ನಡುಗಿಸುವ ಮಿರಾಂಡಾ ಬೇಲಿಯನ್ನು ಮೊದಲು ಹೊಂಬಣ್ಣದ ಗುಂಗುರುಗೂದಲಿನ ಕುಳ್ಳಿ ಎಂದು ಕಲ್ಪಿಸಿಕೊಳ್ಳಲಾಗಿತ್ತು. ಆ ಪಾತ್ರವನ್ನು ತನ್ನದಾಗಿಸಿಕೊಂಡವರು ಕಪ್ಪು ಕಲಾವಿದೆ ಚಾಂಡ್ರಾ ವಿಲ್ಸನ್. ಕ್ರಿಸ್ಟಿನಾ ಯಾಂಗ್ ಆಗಿ ಕೊರಿಯಾ ಮೂಲದ ಸಾಂಡ್ರಾ ಓ, ಮುಖ್ಯ ಸರ್ಜನ್ ರಿಚರ್ಡ್ ವೆಬರ್ ಆಗಿ ಜೇಮ್ಸ್ ಪಿಕೆನ್ಸ್ ಜೂನಿಯರ್, ಮೆರೆಡಿತ್ ಆಗಿ ಎಲೆನ್ ಪಾಂಪಿಯೊ. ಚಾಕು ಹಿಡಿಯುವ ಕೈ ಯಾರದೂ ಆಗಿರಬಹುದು ಎಂಬುದನ್ನು ಈ ಧಾರಾವಾಹಿ ಭಾಷಣ ಮಾಡಿ ಹೇಳಲಿಲ್ಲ, ಪ್ರತಿ ವಾರ ತೋರಿಸಿತು.

ಮೊದಲ ಸೀಸನ್ನಿನಲ್ಲಿ ಇದ್ದದ್ದು ಒಂಬತ್ತೇ ಕಂತು. 2006ರ ಫೆಬ್ರವರಿ 5ರಂದು ಸೂಪರ್ ಬೌಲ್ ಪಂದ್ಯದ ಬೆನ್ನಿಗೇ ಪ್ರಸಾರವಾದ ಕಂತನ್ನು ಸುಮಾರು 3.8 ಕೋಟಿ ಜನ ನೋಡಿದರು. ರೋಗಿಯ ಎದೆಯೊಳಗೆ ಸಿಡಿಯದೆ ಉಳಿದ ಶೆಲ್. ಅದನ್ನು ಒಳಗೇ ಅದುಮಿ ಹಿಡಿದಿದ್ದ ಹುಡುಗಿ ಭಯ ತಾಳಲಾರದೆ ಕೈ ಎಳೆದುಕೊಂಡು ಓಡುತ್ತಾಳೆ, ಆ ಜಾಗಕ್ಕೆ ಮೆರೆಡಿತ್ ತನ್ನ ಕೈ ತೂರಿಸುತ್ತಾಳೆ. 2007ರಲ್ಲಿ ಅತ್ಯುತ್ತಮ ಧಾರಾವಾಹಿಗೆ ಗೋಲ್ಡನ್ ಗ್ಲೋಬ್ ಬಂತು.

ವೈದ್ಯಕೀಯ ವಿವರಗಳಿಗಾಗಿ ನಿಜವಾದ ವೈದ್ಯೆ ಜೋಆನ್ ಕ್ಲ್ಯಾಕ್ ಬರಹಗಾರರ ತಂಡದಲ್ಲಿದ್ದರು, ನರ್ಸ್ ಲಿಂಡಾ ಕ್ಲೈನ್ ಸೆಟ್ಟಿನಲ್ಲಿದ್ದರು. ಆಪರೇಷನ್ ದೃಶ್ಯಗಳಿಗೆ ದನದ ಅಂಗಾಂಗಗಳನ್ನೇ ತರಿಸುತ್ತಿದ್ದರು. ಆದರೂ ಕಥೆಯ ಅವಸರ ಆಸ್ಪತ್ರೆಯ ಸತ್ಯವನ್ನು ತಿರುಚಿದೆ. 269 ಕಂತುಗಳಲ್ಲಿ ಬಂದ 290 ಗಾಯಾಳುಗಳನ್ನು ಅಮೆರಿಕದ ಸುಮಾರು 4,800 ನಿಜವಾದ ಗಾಯಾಳುಗಳ ದಾಖಲೆಯೊಂದಿಗೆ ಹೋಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತುರ್ತು ಚಿಕಿತ್ಸಾ ವಿಭಾಗದಿಂದ ನೇರವಾಗಿ ಆಪರೇಷನ್ ಥಿಯೇಟರಿಗೆ ಹೋದವರು ಧಾರಾವಾಹಿಯಲ್ಲಿ ಶೇ. 71, ವಾಸ್ತವದಲ್ಲಿ ಶೇ. 25. ಸತ್ತವರು ಶೇ. 22, ವಾಸ್ತವದಲ್ಲಿ ಶೇ. 7. ಬದುಕಿದವರಲ್ಲಿ ದೀರ್ಘಕಾಲದ ಆರೈಕೆ ಬೇಕಾದವರು ತೆರೆಯ ಮೇಲೆ ಶೇ. 6 ಮಾತ್ರ, ನಿಜದಲ್ಲಿ ಶೇ. 22. ಹೆಚ್ಚು ಕಳವಳಕ್ಕೆ ಕಾರಣವಾಗಬೇಕಾದದ್ದು ಈ ಕೊನೆಯ ಅಂತರ. ಗಾಯ ಮಾಯುವ ತಿಂಗಳುಗಳು, ಮನೆಯವರು ಮಂಚದ ಪಕ್ಕ ಕೂತು ಕಳೆಯುವ ರಾತ್ರಿಗಳು ಕಥೆಯಿಂದ ಜಾರಿಹೋಗಿವೆ.

ಇನ್ನೊಂದು ಮುಖವೂ ಇದೆ. 2008ರ ಕಂತೊಂದರಲ್ಲಿ ಎಚ್‌ಐವಿ ಇರುವ ಗರ್ಭಿಣಿಗೆ, ಸರಿಯಾದ ಚಿಕಿತ್ಸೆ ಪಡೆದರೆ ಮಗು ಆರೋಗ್ಯವಾಗಿ ಹುಟ್ಟುವ ಸಾಧ್ಯತೆ ಶೇ. 98 ಎಂದು ವೈದ್ಯೆ ಹೇಳುತ್ತಾಳೆ. ಕೈಸರ್ ಫ್ಯಾಮಿಲಿ ಫೌಂಡೇಶನ್ ಬರಹಗಾರರೊಂದಿಗೆ ಕೂತು ಸೇರಿಸಿದ್ದ ಸಂಗತಿ ಅದು. ಕಂತಿಗೆ ಮುನ್ನ ವೀಕ್ಷಕರಲ್ಲಿ ಶೇ. 15 ಜನಕ್ಕೆ ಮಾತ್ರ ಇದು ತಿಳಿದಿತ್ತು, ನೋಡಿದ ಮೇಲೆ ಶೇ. 61 ಜನಕ್ಕೆ, ಆರು ವಾರ ಕಳೆದರೂ ಶೇ. 45 ಜನ ಮರೆತಿರಲಿಲ್ಲ.

ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣ ಬೋಧನಾ ಆಸ್ಪತ್ರೆಯ ಸ್ವಭಾವದಲ್ಲೇ ಇದೆ. ನಮ್ಮ ಮೆಡಿಕಲ್ ಕಾಲೇಜುಗಳಿಗೆ ವರ್ಷವರ್ಷವೂ ಹೊಸ ಹೌಸ್ ಸರ್ಜನ್‌ಗಳು ಬರುವಂತೆ ಅಲ್ಲಿಯೂ ಹೊಸ ತಂಡ ಬರುತ್ತದೆ, ನಿನ್ನೆ ಬೈಸಿಕೊಂಡವರು ಇಂದು ಕಲಿಸುತ್ತಾರೆ. ಬೇಲಿ ಮುಖ್ಯ ಸರ್ಜನ್ ಆದಳು. ಎಂಟನೇ ಸೀಸನ್ನಿನ ಕೊನೆಯ ವಿಮಾನ ಅಪಘಾತದ ನಂತರ, ತೀರಿಹೋದ ವೈದ್ಯರಾದ ಲೆಕ್ಸಿ ಗ್ರೇ ಮತ್ತು ಮಾರ್ಕ್ ಸ್ಲೋನ್ ನೆನಪಿಗೆ ಆಸ್ಪತ್ರೆಗೇ ‘ಗ್ರೇ ಸ್ಲೋನ್ ಮೆಮೋರಿಯಲ್’ ಎಂದು ಹೆಸರಿಟ್ಟರು. 2014ರಲ್ಲಿ ಸಾಂಡ್ರಾ ಓ ಹೊರಟರು. 2015ರಲ್ಲಿ ಮೆರೆಡಿತ್‌ಳ ಪತಿ, ಪ್ಯಾಟ್ರಿಕ್ ಡೆಂಪ್ಸಿ ನಟಿಸಿದ ಡೆರೆಕ್, ಕಥೆಯಲ್ಲಿ ಸತ್ತ. ಕಥೆ ನಿಲ್ಲಲಿಲ್ಲ. 2019ರ ಫೆಬ್ರವರಿ 28ರಂದು 332ನೇ ಕಂತಿನೊಂದಿಗೆ ‘ಇಆರ್’ ಧಾರಾವಾಹಿಯನ್ನು ಹಿಂದಿಕ್ಕಿ, ಅಮೆರಿಕದ ಪ್ರೈಮ್‌ಟೈಮಿನಲ್ಲಿ ಅತಿ ಹೆಚ್ಚು ಕಂತು ಕಂಡ ವೈದ್ಯಕೀಯ ಧಾರಾವಾಹಿಯಾಯಿತು.

ಅದಾಗಿ ತಿಂಗಳಿಗೆ ಬಂದ ಕಂತು ಇಡೀ ಸರಣಿಯಲ್ಲೇ ಮಿಗಿಲಾದುದು. ಅತ್ಯಾಚಾರಕ್ಕೊಳಗಾದ ಅಬ್ಬಿಯನ್ನು ಆಪರೇಷನ್ನಿಗೆ ಒಯ್ಯಬೇಕು, ಆದರೆ ಕಾಣುವ ಪ್ರತಿ ಗಂಡಸಿನ ಮುಖದಲ್ಲೂ ಆಕೆಗೆ ಆ ಅತ್ಯಾಚಾರಿಯೇ ಕಾಣುತ್ತಾನೆ. ಆಗ ಆಸ್ಪತ್ರೆಯ ಹೆಂಗಸರೆಲ್ಲ ಕಾರಿಡಾರಿನ ಎರಡೂ ಬದಿಗೆ ಸಾಲಾಗಿ ಬಂದು ನಿಲ್ಲುತ್ತಾರೆ. ಯಾರೂ ಮಾತಾಡುವುದಿಲ್ಲ. ಸ್ಟ್ರೆಚರ್ ಅವರ ನಡುವೆ ಮೆಲ್ಲಗೆ ಸಾಗುತ್ತದೆ.

2020ರ ಮಾರ್ಚಿನಲ್ಲಿ ಕೋವಿಡ್ ಚಿತ್ರೀಕರಣ ನಿಲ್ಲಿಸಿದಾಗ ತಂಡ ತನ್ನಲ್ಲಿದ್ದ ಗೌನು, ಗ್ಲೌಸುಗಳನ್ನು ಆಸ್ಪತ್ರೆಗಳಿಗೆ ಕೊಟ್ಟಿತು. ಮುಂದಿನ ಸೀಸನ್ನಿನಲ್ಲಿ ಮೆರೆಡಿತ್ ತಾನೇ ಕೋವಿಡ್‌ನಿಂದ ಹಾಸಿಗೆ ಹಿಡಿದಳು. 2022ರಲ್ಲಿ ಐದು ಹೊಸ ಇಂಟರ್ನ್‌ಗಳು ಬಂದರು. 2023ರ ಫೆಬ್ರವರಿಯಲ್ಲಿ ಮೆರೆಡಿತ್ ಸಿಯಾಟಲ್ ಬಿಟ್ಟು ಬಾಸ್ಟನ್ನಿಗೆ ಹೊರಟಳು. ಅವಳ ತಾಯಿ, ಹೆಸರಾಂತ ಸರ್ಜನ್ ಎಲಿಸ್ ಗ್ರೇ, ಮೊದಲ ಸೀಸನ್ನಿನಲ್ಲಿ ಮಗಳನ್ನೇ ಗುರುತಿಸಲಾರದೆ ಆರೈಕೆ ಕೇಂದ್ರದಲ್ಲಿದ್ದಳು. ಮಗಳು ಬಾಸ್ಟನ್ನಿನಲ್ಲಿ ಸಂಶೋಧನೆಗೆ ಎತ್ತಿಕೊಂಡದ್ದು ಆ ಕಾಯಿಲೆಯನ್ನೇ, ಆಲ್‌ಝೈಮರ್ಸನ್ನು.